ಹೊನ್ನಿಯ ಉಸಿರು ಮತ್ತು ಅಂಟುವಾಳದ ಗುಳ್ಳೆ

"ಅಂಟುವಾಳ ನೆನೆಹಾಕಿವ್ನಿ. ಬೆಳಗ್ಗೆ ಬಟ್ಟೆ ಒಗಿ."

ಹೊನ್ನಿ ಗಂಡನಿಗೆ ಹೇಳಿದ ಕೊನೆಯ ಮಾತು ಇಷ್ಟೇ.

ಆಗ ಲೋಕ ಇನ್ನೂ ಹಸಿಯಾಗಿತ್ತು. ಗಾಳಿಗೆ ಬಾಯಿತ್ತು, ಹೊಳೆಗೆ ಬಾಯಿತ್ತು. ನೀರಿನ ಮೇಲೆ ಗುಳ್ಳೆ ಮಾತ್ರ ನಿಲ್ಲುತ್ತಿರಲಿಲ್ಲ. ಎದ್ದರೆ ಎದ್ದಲ್ಲೇ ಒಡೆಯುತ್ತಿತ್ತು.

ಹೊನ್ನಿಯ ಗಂಡ ಮಾಚ. ಲೋಕದ ಮೊದಲ ಮಡಿವಾಳ. ಅವಳಿಗೆ ತಲೆ ಎತ್ತೋಕೂ ಆಗದಷ್ಟು ಜ್ವರ. ಹರಳುಗಿಡದ ಎಲೆಯ ಟೊಳ್ಳು ದಂಟಿನಲ್ಲಿ ಮಾಚ ನೀರು ಕುಡಿಸುತ್ತಿದ್ದ. ಮಧ್ಯಾಹ್ನ ಅವಳು ದಂಟಿಗೆ ಬಾಯಿಟ್ಟಳು. ನೀರು ಎಳೆಯಲಿಲ್ಲ. ಉಸಿರು ಬಿಟ್ಟಳು. ಮತ್ತೆ ಎಳೆದುಕೊಳ್ಳಲಿಲ್ಲ.

ಆ ಉಸಿರು ಹೊರಗೆ ಹೋಗದಂತೆ ಮಾಚ ದಂಟಿನ ಎರಡೂ ತುದಿಗೆ ಬೆರಳು ಒತ್ತಿದ.

ಊರವರು ಹೊನ್ನಿಯನ್ನು ಮಣ್ಣು ಮಾಡಿದರು. ಮಾಚನಿಗೆ ಕೈ ಬಿಡುವಿರಲಿಲ್ಲ.

"ಇದೇನಪ್ಪಾ, ಕಟ್ಕೊಂಡೋಳಿಗೆ ಒಂದು ಹಿಡಿ ಮಣ್ಣು ಹಾಕಕ್ಕಾಗಲ್ವಾ?" ಅಂದಳು ಅತ್ತೆ, ಹೊನ್ನಿಯ ಅವ್ವ.

ಅವನು ಬೆರಳು ತೆಗೆಯಲಿಲ್ಲ.

ಹೊತ್ತು ಇಳಿಯಿತು. ಗಾಳಿ ಬಂತು. ಗುಡಿಸಲನ್ನು ಒಂದು ಸುತ್ತು ಸುತ್ತಿತು. ಇನ್ನೊಂದು ಸುತ್ತು ಸುತ್ತಿತು. ಬಾಗಿಲ ಸಂದಿಯಲ್ಲಿ ಮೂಸಿತು.

"ಮಡಿವಾಳಯ್ಯ, ಉಸಿರೆಲ್ಲ ನಂದು. ಕೊಡು."

"ಕೊಡಲ್ಲ."

"ಬೆರಳು ಎಷ್ಟು ಹೊತ್ತು ತಡೆದಾವು? ನಾನು ಕಾಯ್ತೀನಿ."

ಮಾಚನ ಬೆರಳು ಮರಗಟ್ಟುತ್ತಿದ್ದವು. ಹೊಳೆಗೆ ಓಡಿದ.

"ಹೊಳೆವ್ವಾ, ಇವಳ ಉಸಿರು ನಿನ್ನ ಮಡಿಲಲ್ಲಿ ಇಟ್ಕೊ."

"ಆಗಲ್ಲ ಮಗಾ. ಒಳಗಿನ ಹನಿಗಳಿಗೆ ಸುತ್ತಲೂ ನೆಂಟರು. ಮೇಲಿನ ಹನಿಗಳಿಗೆ ನೆತ್ತಿಯ ಮೇಲೆ ಯಾರೂ ಇಲ್ಲ. ಬರೀ ಗಾಳಿ. ಅದಕ್ಕೇ ಭಯ. ಅಕ್ಕಪಕ್ಕದವರನ್ನ ಬಿಗಿಯಾಗಿ ಹಿಡ್ಕೊಂಡಿವೆ. ಹಿಗ್ಗು ಅಂದ್ರೆ ಹಿಗ್ಗಲ್ಲ. ಒಡೆದೇ ಹೋಗ್ತವೆ."

ಮಾಚ ಕೇಳಲಿಲ್ಲ. ದಂಟು ಓರೆ ಮಾಡಿ, ನೀರಿಗೆ ಅದ್ದಿ, ಅವಳ ಉಸಿರಲ್ಲಿ ಚೂರೇ ಚೂರು ಬಿಟ್ಟ. ಬುಳಕ್. ಗುಳ್ಳೆ ಎದ್ದಿತು, ಒಡೆಯಿತು. ಅಷ್ಟನ್ನೂ ಗಾಳಿ ನುಂಗಿತು.

"ಇನ್ನೂ ಇದೆಯಲ್ಲ," ಅಂತ ನಕ್ಕಿತು.

ಮಾಚ ಮನೆಗೆ ಬಂದ. ಬೆಳಕು ಹರಿಯುವ ತನಕ ಕುಕ್ಕುರುಗಾಲಲ್ಲಿ ಕೂತ. ಬೆರಳು ಜಾರತೊಡಗಿದವು. ಎದುರಿಗೆ ಹೊನ್ನಿ ಅಂಟುವಾಳ ನೆನೆಹಾಕಿದ ಗಡಿಗೆ ಇತ್ತು.

"ಇತ್ತ ಬಾ," ಅಂದಿತು ಗಡಿಗೆಯೊಳಗಿನ ಅಂಟುವಾಳ. "ಹನಿಗಳ ನಡುವೆ ತೂರಿ ನಾನು ಹಿಡಿತ ಸಡಿಲ ಮಾಡ್ತೀನಿ. ಆಗ ಹಿಗ್ತವೆ. ಆದ್ರೆ ಹಿಗ್ಗಿಸೋಕೆ ಬಲ ಬೇಕು. ಅವಳ ಉಸಿರಿನ ಹಿಂದೆ ನಿನ್ನ ಉಸಿರೂ ಹೋಗ್ಬೇಕು."

"ಆಮೇಲೆ ನಿಲ್ಲುತ್ತಾ?"

"ಒಂದು ಗಳಿಗೆ."

"ಅಷ್ಟೇನಾ?"

"ಬೆರಳಲ್ಲಿ ಹಿಡಿದಿದ್ದೀಯಲ್ಲ, ಅದರಲ್ಲಿ ಏನು ಕಂಡೆ? ಗುಳ್ಳೆಯಲ್ಲಾದ್ರೆ ಕಣ್ಣಿಗೆ ಕಾಣ್ತಾಳೆ."

ಮಾಚ ದಂಟಿನ ಒಂದು ತುದಿಯನ್ನು ಗಡಿಗೆಯ ನೊರೆಗೆ ಅದ್ದಿ, ಇನ್ನೊಂದಕ್ಕೆ ಬಾಯಿಟ್ಟ. ಊದಿದ.

ಗುಳ್ಳೆ ಹಿಗ್ಗಿತು. ಹೊರಗೂ ಗಾಳಿ, ಒಳಗೂ ಗಾಳಿ. ಹನಿಗಳು ಹೆದರಿ ಒಂದಕ್ಕೊಂದು ಒತ್ತಿಕೊಂಡವು. ಆದಷ್ಟೂ ಕಡಿಮೆ ಮೈ ಹೊರಗೆ ಕಾಣಬೇಕು. ಅದಕ್ಕೇ ಗುಂಡಗೆ ಕೂತವು. ಗುಳ್ಳೆ ದಂಟು ಬಿಟ್ಟು ಮೇಲೆದ್ದಿತು. ಹೊನ್ನಿಯ ಸೀರೆಯ ಅಂಚಿನ ಬಣ್ಣವೆಲ್ಲ ಅದರ ಮೈ ಮೇಲೆ ಓಡಾಡಿತು. ಗಾಳಿ ಕೂಡ ಹತ್ತಿರ ಬಂದು ನಿಂತಿತು. ಮುಟ್ಟಲಿಲ್ಲ.

ಗುಳ್ಳೆಯ ಮೈಯ ನೀರು ಮೆಲ್ಲಗೆ ಕೆಳಕ್ಕೆ ಇಳಿಯಿತು. ಗುಳ್ಳೆಯ ನೆತ್ತಿ ತೆಳುವಾಯಿತು. ಇನ್ನೂ ತೆಳುವಾಯಿತು.

ಟಪ್.

ಹನಿಗಳು ಹಿಡಿದಿಟ್ಟ ಬಲವೆಲ್ಲ ಸಿಡಿದು ಮಾಚನ ಕೆನ್ನೆಗೆ ತುಂತುರು ಬಿತ್ತು. ಗಾಳಿ ಉಸಿರನ್ನು ಎತ್ತಿಕೊಂಡು ಹೋಯಿತು.

ಇವತ್ತಿಗೂ, ಮಕ್ಕಳೇ, ನೀವು ಊದಿದ ಗುಳ್ಳೆ ಗುಂಡಗೇ ಇರುತ್ತದೆ, ನಡುಗುತ್ತಲೇ ಇರುತ್ತದೆ, ಒಡೆದಾಗ ಕೆನ್ನೆಗೆ ತಣ್ಣಗೆ ಒಂದು ಹನಿ ತಗಲುತ್ತದೆ.

ಆ ಬೆಳಗ್ಗೆ ಮಾಚ ಬೆರಳು ಮಡಚಿ ಬಿಡಿಸಿದ. ಹೊನ್ನಿಯನ್ನು ಇಟ್ಟ ಜಾಗಕ್ಕೆ ಹೋಗಿ ಒಂದು ಹಿಡಿ ಮಣ್ಣು ಹಾಕಿದ. ಆಮೇಲೆ ಹೊಳೆಗೆ ಇಳಿದು ಬಟ್ಟೆ ಒಗೆದ.