ಬಿಲ್ಲೆಗಳಿಗೆ ಹೆದರಿದ ದಾರ

ನೀಲಾಂಬಿಕಾ ಅವರ ಹಳೆಯ ದಿನಚರಿಯ ಪ್ರಕಾರ ಅಂದು 1974ರ ನವೆಂಬರ್ 9. ಮೊಮ್ಮಗುವಿನ ಕೌದಿಗೆ ತಾಯಿಯ ಇಳಕಲ್ ಸೀರೆಯ ಕೊನೆಯ ತುಂಡನ್ನು ಹಚ್ಚಲು ಕೂತಿದ್ದರು.

ಹೊಲಿಗೆ ಯಂತ್ರದ ಮೇಲಿನ ದಾರಕ್ಕೆ, ತನ್ನನ್ನು ಬಿಗಿಹಿಡಿಯುವ ಎರಡು ಬಿಲ್ಲೆಗಳೆಂದರೆ ಜೀವಭಯ. ನಡುವೆ ಸಿಕ್ಕರೆ ಹರಿದೇ ಹೋದೇನೆಂದು ನಡುಗಿ, ಪಕ್ಕದಿಂದ ನುಸುಳಿ ಸೂಜಿ ಸೇರಿತು.

"ಅಕ್ಕಾ, ಸಡಿಲಾಗಿ ಬರಬೇಡ! ನನ್ನ ಮೇಲೆ ರಾಶಿ ಬೀಳುತ್ತಿದ್ದೀಯ," ಎಂದು ಕೆಳಗಿನ ಪುಟ್ಟ ಡಬ್ಬಿಯೊಳಗಿಂದ ಬಾಬಿನ್ ದಾರ ಕೂಗಿತು.

"ಡಬ್ಬಿಯಲ್ಲಿ ಮಲಗಿದವಳಿಗೇನು ಗೊತ್ತು? ಅವು ಹಿಸುಕುವುದು ನನ್ನ ಕುತ್ತಿಗೆಯನ್ನು!"

"ನನ್ನನ್ನೂ ಇಲ್ಲಿ ಡಬ್ಬಿಯ ತಗಡು ಒತ್ತಿ ಹಿಡಿದೇ ಇದೆ, ಅಕ್ಕಾ."

ಮೇಲೆ ಹೊಲಿಗೆ ನೇರವಾಗಿಯೇ ಕಂಡಿತು. ದಾರ ಬದುಕಿದೆನೆಂದುಕೊಂಡಿತು. ಅಷ್ಟರಲ್ಲಿ ಕೌದಿಯ ಅಡಿಯಲ್ಲಿ ಅದೇ ಗೂಡಿನಂತೆ ಗಂಟುಗಟ್ಟಿ, ಸೂಜಿಯನ್ನು ಸಿಕ್ಕಿಸಿ, ಯಂತ್ರವನ್ನು ನಿಲ್ಲಿಸಿತು. ನೀಲಾಂಬಿಕಾ ಕತ್ತರಿ ಎತ್ತಿಕೊಂಡರು.

"ಬಿಲ್ಲೆಗಳ ನಡುವೆಯೇ ಹೋಗುತ್ತೇನೆ!" ಎಂದು ದಾರ ಅಂಗಲಾಚಿತು.

ಕೊನೆಗೆ ಅವರು ಗಂಟನ್ನು ಕತ್ತರಿಸಿ ಕೌದಿಯನ್ನು ಎಳೆದಾಗ ದಾರ ತುಂಡುತುಂಡಾಯಿತು, ಸೂಜಿ ಮುರಿಯಿತು, ತಾಯಿಯ ಸೀರೆಯ ಆ ತುಂಡು ನಡುವೆ ಹರಿಯಿತು.