ಸೊಲ್ಲಡಗಿದ ಪಾದೆ

ನೆಕ್ಕರೆ ಊರಿನ ಮೂಡಣಕ್ಕೆ, ಹೊಳೆ ತಿರುಗುವಲ್ಲಿ, ನೂರು ಜನ ನಿಲ್ಲಬಹುದಾದ ಕರಿಬಂಡೆಯೊಂದಿದೆ. ತುಳುನಾಡಿನವರು ಇಂಥ ಬಂಡೆಯನ್ನು ಪಾದೆ ಎನ್ನುತ್ತಾರೆ. ಈಚೆಗೆ ಯಾರೋ ಅಲ್ಲಿ 'ವ್ಯೂ ಪಾಯಿಂಟ್' ಎಂದು ಫಲಕ ನೆಟ್ಟು ಬೆಂಚು ಹಾಕಿದ್ದಾರೆ; ಫೋಟೋ ಹಿಡಿಯುವವರಿಗೇನೂ ಕೊರತೆಯಿಲ್ಲ. ಊರವರು ಮಾತ್ರ ಆ ಬೆಂಚಿನಲ್ಲಿ ಕೂರುವುದಿಲ್ಲ, ಹಳೆಯ ಹೆಸರನ್ನೂ ಬಿಟ್ಟಿಲ್ಲ. ಆ ಹೆಸರು ಬಂದ ಬಗೆಯನ್ನು ಕೇಳಿದವರಿಗೆಲ್ಲ ಹೇಳುತ್ತೇನೆ, ಹೇಳುವಾಗಲೆಲ್ಲ ನನಗೆ ಸಿಟ್ಟೂ ಬರುತ್ತದೆ.

ಹಿಂದೆ ಒಮ್ಮೆ, ಕುಂಪಣಿ ಸರಕಾರದ ಕಾಲದಲ್ಲಿ, ಮಾರ್ಥಾ ಎಂಬ ಹೆಣ್ಣುಮಗಳು ಮಂಗಳೂರಿನಿಂದ ಇಲ್ಲಿಗೆ ಬಂದಳಂತೆ. ತಂದೆ ಭೂಮಿ ಅಳೆಯುವ ಪರಂಗಿ, ತಾಯಿ ಈ ಸೀಮೆಯ ತುಂಗಕ್ಕ, ಇಬ್ಬರೂ ತೀರಿಹೋಗಿದ್ದರು. ಅಳಿಯಸಂತಾನದ ಈ ನಾಡಿನಲ್ಲಿ ಮಕ್ಕಳ ಕುಲ ತಾಯಿಯದು. ಅದಕ್ಕೆ ಬಳಿ ಎಂದು ಹೆಸರು. ಒಂದೇ ಬಳಿಯವರು ಒಡಹುಟ್ಟಿದವರಂತೆ, ಅವರೊಳಗೆ ಮದುವೆ ಕೂಡದು. ಮನೆಯ ಹಕ್ಕು ಮುಂದುವರಿಯುವುದೂ ಹೆಣ್ಣು ಸಂತತಿಯಲ್ಲೇ. ತನ್ನ ಬಳಿ ಯಾವುದು, ತನ್ನವರು ಯಾರು ಎಂದು ತಿಳಿಯಲು ಅವಳು ಮೊದಲು ಹೋದದ್ದು ನೆಕ್ಕರೆಗುತ್ತು ಎಂಬ ಊರ ಹಿರಿಮನೆಗೆ. ಅಲ್ಲಿನ ಯಜಮಾನ ಮುಂಡಪ್ಪ ತುಂಗಕ್ಕನ ಸ್ವಂತ ತಮ್ಮ. ಮನೆಯಲ್ಲಿ ಬೇರೆ ಹೆಣ್ಣು ಸಂತತಿ ಇರಲಿಲ್ಲ. ಇವಳನ್ನು ಒಪ್ಪಿದರೆ ಮನೆ ಪರಂಗಿಯ ಮಗಳ ಪಾಲಾಗುತ್ತದೆ. ಅವನು ಹೊಸ್ತಿಲಲ್ಲೇ ನಿಂತು, "ನಮ್ಮ ತುಂಗಕ್ಕ ಮದುವೆಗೆ ಮೊದಲೇ ಸಿಡುಬಿನಲ್ಲಿ ಹೋದಳು. ನಿನ್ನ ತಾಯಿ ಬೇರೆ ಯಾರೋ" ಎಂದುಬಿಟ್ಟ.

ಅವಳ ಕಣ್ಣೀರು ಕಂಡು ಕರಗಿದವನು ದೂಮಣ್ಣ, ಮುಂಡಪ್ಪನ ತೀರಿಹೋದ ಇನ್ನೊಬ್ಬ ಅಕ್ಕನ ಮಗ. ಮಾವನ ಮಾತನ್ನು ನಂಬಿ, ಒಂದು ವರ್ಷ ಅವಳೊಡನೆ ಮನೆಮನೆ ಅಲೆದು ಅವಳ ತಾಯಿಯ ಕಡೆಯವರನ್ನು ಹುಡುಕಿದ. ಸಿಕ್ಕಲಿಲ್ಲ, ಸಿಕ್ಕುವುದಾದರೂ ಹೇಗೆ? ಕೊನೆಗೆ ಅವಳನ್ನೇ ಮದುವೆಯಾಗುವೆನೆಂದ. ಬೇಡವೆನ್ನಲು ಮುಂಡಪ್ಪನಿಗೆ ಕಾರಣವಿತ್ತು, ಅದನ್ನು ಹೇಳಿದರೆ ಮನೆ ಹೋಗುತ್ತಿತ್ತು. ಬಳಿ ತಿಳಿಯದ ಹೆಣ್ಣಿಗೆ ಅಂದು ಒಂದು ಕ್ರಮವಿತ್ತು ಎನ್ನುತ್ತಾರೆ: ಊರ ಯಜಮಾನರನ್ನೆಲ್ಲ ಪಾದೆಯ ಮೇಲೆ ಸೇರಿಸಿ, "ಇವಳು ಯಾರ ಬಳಿಯವಳು?" ಎಂದು ಮೂರು ಸಲ ಕೇಳುವುದು. ಯಾರೂ ತಮ್ಮವಳೆನ್ನದಿದ್ದರೆ ಧಾರೆ ಎರೆಯಬಹುದು.

ಮೊದಲ ಸಲ ಕೇಳಿದಾಗ ಗಾಳಿ ನಿಂತಿತು, ಎರಡನೆಯ ಸಲಕ್ಕೆ ಹೊಳೆಯ ಸದ್ದೂ ಅಡಗಿತು ಎನ್ನುತ್ತಾರೆ. ಮೂರನೆಯ ಸಲ ಮುಂಡಪ್ಪ ಬಾಯಿ ತೆರೆದ, ಸೊಲ್ಲು ಹೊರಡಲಿಲ್ಲ. ಧಾರೆಯ ನೀರು ಬಿತ್ತು. ಮದುಮಕ್ಕಳು ಕಾಲಿಗೆರಗಲು ಬಂದಾಗ ಅವನು ಕೆಂಡ ತುಳಿದವನಂತೆ ಹಿಂದೆ ಸರಿದು, "ಮುಟ್ಟಬೇಡ ಮಗೂ! ನೀನು ನನ್ನಕ್ಕನ ಮಗಳು, ಇವನು ನಿನಗೆ ಅಣ್ಣ" ಎಂದು ಕಿರುಚಿದ. ಮಾರ್ಥಾ ತಲೆಯೆತ್ತಿ ಕೇಳಿದ್ದು ಇಷ್ಟೇ: "ಮೂರು ಸಲ ಕೇಳಿದರಲ್ಲ, ಮಾವ?" ದೂಮಣ್ಣ ಅಲ್ಲಿಂದಲೇ ಹೊಳೆಗೆ ಇಳಿದ, ಹೆಣವೂ ಸಿಗಲಿಲ್ಲ. ಅವಳು ಮಂಗಳೂರಿನ ದಾರಿ ಹಿಡಿದಳು. ಮನೆಗೆ ಬಾ ಎಂದು ಕರೆಯಲು ಮುಂಡಪ್ಪ ಊರ ಗಡಿಯವರೆಗೂ ಹಿಂದೆ ಓಡಿದನಂತೆ, ಆದರೆ ಸಾಯುವವರೆಗೂ ಅವನ ಬಾಯಿಂದ ಮತ್ತೆ ಮಾತು ಹೊರಡಲಿಲ್ಲ.

ಪಾದೆಯ ಮೇಲೆ ನಿಂತವರಿಗೆ ಇಂದಿಗೂ ಕೆಳಗೆ ನೆಕ್ಕರೆಗುತ್ತಿನ ನಾಲ್ಕು ಕಂಬಗಳು ಕಾಣುತ್ತವೆ. ಅವುಗಳ ಮೇಲಿನ ಮಾಡು ಕುಸಿದಿದೆ, ಅಂಗಳದಲ್ಲಿ ಹುತ್ತ ಬೆಳೆದಿದೆ. ಅದನ್ನು ತನ್ನದೆನ್ನಲು ಒಬ್ಬ ಹೆಣ್ಣು ಬೇಕಿತ್ತು. ಒಬ್ಬಳು ಬಂದಿದ್ದಳು.