ಸಣ್ಣ ಸೀಮೆಯ ಬೆಳ್ಳಿ ನಾಣ್ಯ

"ಗುರುಗಳೇ, ಮಠಕ್ಕೆ ಬಂದು ವರ್ಷಗಳಾದರೂ ತಾಯಿಯ ನೆನಪು ಬಿಡುತ್ತಿಲ್ಲ. ಅದನ್ನು ಅಳಿಸಿಹಾಕುವ ಉಪಾಯ ಯಾವುದು?" ಎಂದು ಶಿಷ್ಯನೊಬ್ಬ ಕೇಳಿದ. ಗುರುಗಳು ಈ ಕತೆ ಹೇಳಿದರು.

ಹಿಂದೆ ಬಸರೂರಿನ ಬಂದರಿಗೆ ಡಚ್ಚರ ಹಡಗುಗಳು ಅಕ್ಕಿಗಾಗಿ ಬರುತ್ತಿದ್ದವು. ಒಂದು ಹಡಗಿನವರು ಜ್ವರ ಹಿಡಿದ ನಾವಿಕನೊಬ್ಬನನ್ನು ದಡದಲ್ಲೇ ಬಿಟ್ಟು ಹೋದರು. ಅಕ್ಕಿ ಕುಟ್ಟುವ ಸೇಸಿ ಎಂಬವಳು ಗಂಜಿ ಕುಡಿಸಿ ಅವನನ್ನು ಬದುಕಿಸಿದಳು. ಮುಂದೆ ಅವನು ಅವಳನ್ನೇ ಮದುವೆಯಾದ. ಬೇರೆ ಹಡಗಿನವರು ಅವನನ್ನು ಊರಿಗೆ ಕರೆದೊಯ್ಯಲು ಒಪ್ಪಿದರು. ಅವಳನ್ನು ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಅವನು ಇಲ್ಲೇ ಉಳಿದ.

ಊರಿನದೆಂದು ಅವನ ಬಳಿ ಇದ್ದದ್ದು ಒಂದು ಬೆಳ್ಳಿ ನಾಣ್ಯ. ಅವನದು ಡಚ್ಚರ ನಾಡಿನಲ್ಲೇ ತೀರ ಸಣ್ಣ ಸೀಮೆ. ಅಲ್ಲಿಯ ದೊರೆ ಅಚ್ಚು ಹಾಕಿಸಿದ ನಾಣ್ಯಗಳೇ ಕಡಿಮೆ. ಬೇರೆ ಡಚ್ಚ ನಾವಿಕರಿಗೂ ಅದರ ಗುರುತು ಹತ್ತುತ್ತಿರಲಿಲ್ಲ. ಅವನು ದಿನವೂ ಅದನ್ನು ಅಂಗೈಯಲ್ಲಿಟ್ಟು ನೋಡುತ್ತ ಕೂರುತ್ತಿದ್ದ. ಆಗ ಅನ್ನ ಸೇರುತ್ತಿರಲಿಲ್ಲ, ಸೇಸಿಯ ಮಾತು ಕಿವಿಗೆ ಬೀಳುತ್ತಿರಲಿಲ್ಲ.

ಇದು ಇರುವ ತನಕ ತಾನು ಇಲ್ಲಿಯವನಾಗಲಾರೆ ಎಂದು ಅವನಿಗೆ ಅನ್ನಿಸಿತು. ಅಕ್ಕಸಾಲಿಗನಿಂದ ಅದನ್ನು ಕರಗಿಸಿ, ಹೆಂಡತಿಗೆ ಕಾಲುಂಗುರ ಮಾಡಿಸಿ ತಂದ. ಸೇಸಿ ಸಂತೋಷದಿಂದ ತೊಟ್ಟಳು. ಬೆಳ್ಳಿ ಎಲ್ಲಿಯದೆಂದು ತಿಳಿದಾಗ ಕಾಲು ಹಿಂದಕ್ಕೆಳೆದುಕೊಂಡು ಕೇಳಿದಳು:

"ನಿಮ್ಮ ಊರನ್ನು ನನ್ನ ಕಾಲಿಗೆ ಹಾಕಿದಿರಾ?"

"ಇನ್ನು ನಿನ್ನ ಊರೇ ನನ್ನ ಊರು" ಎಂದ ಅವನು.

ಕೆಲವು ಕಾಲ ನೆಮ್ಮದಿಯಿಂದ ಕಳೆಯಿತು. ಒಂದು ಸಂಜೆ ಅವನು ಹೊಳೆದಡದ ಮರಳಿನಲ್ಲಿ, ನಾಣ್ಯದ ಮೇಲೆ ಅಚ್ಚಾಗಿದ್ದ ಗೋಪುರದ ಚಿತ್ರವನ್ನು ಬೆರಳಿನಿಂದ ಬರೆದ. ಅದರ ತುದಿಯಲ್ಲಿ ಹಕ್ಕಿಯಿತ್ತೋ ಬಾವುಟವಿತ್ತೋ ನೆನಪಾಗಲಿಲ್ಲ. ಅಳಿಸಿ ಮತ್ತೆ ಬರೆದ. ಅಕ್ಕಸಾಲಿಗನನ್ನು ಕೇಳಿದ, ಅವನಿಗೂ ನೆನಪಿರಲಿಲ್ಲ. ಕೊನೆಗೆ ಹೆಂಡತಿಯನ್ನು ಕೇಳಿದ.

"ನಾನು ನಾಣ್ಯವನ್ನು ಸರಿಯಾಗಿ ನೋಡಲೇ ಇಲ್ಲ. ನೀವು ಅದನ್ನು ನೋಡುವಾಗ ನಾನು ನಿಮ್ಮ ಮುಖ ನೋಡುತ್ತಿದ್ದೆ" ಎಂದಳು ಸೇಸಿ.

ಮುದುಕನಾದ ಮೇಲೂ ಅವನು ಸಂಜೆ ಹೊಳೆದಡಕ್ಕೆ ಹೋಗಿ ಗೋಪುರ ಬರೆಯುತ್ತಿದ್ದ. ಸೇಸಿ ಪಕ್ಕದಲ್ಲಿ ಕೂರುತ್ತಿದ್ದಳು. ತುದಿಗೆ ಬಂದಾಗ ಅವನ ಬೆರಳು ನಿಂತುಬಿಡುತ್ತಿತ್ತು.

ಗುರುಗಳು ಕತೆ ಮುಗಿಸಿದರು.

"ಅಂತೂ ಅವನು ಊರನ್ನು ಮರೆತನಲ್ಲವೇ?" ಎಂದು ಶಿಷ್ಯ ಕೇಳಿದ.

"ಮರೆತದ್ದು ಗೋಪುರದ ತುದಿಯನ್ನು, ಊರನ್ನಲ್ಲ. ನೀನು ಬೆಳಿಗ್ಗೆ ಹೊರಟು ತಾಯಿಯನ್ನು ನೋಡಿಕೊಂಡು ಬಾ."